ಓದುವ ಹಕ್ಕು ಐಡಿ ಕಾರ್ಡಿಗೋ, ಓದುವವರಿಗೋ?

ಮಂಗನ ಕಾಯಿಲೆಯ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಜಗತ್ತಿನ ವೈದ್ಯರೆಲ್ಲ ಇವತ್ತಿಗೂ ಇದನ್ನು ಆ ಕಾಡಿನ ಹೆಸರಿನಿಂದಲೇ ಕರೆಯುತ್ತಾರೆ. ಉಣುಗಿನಿಂದ ಅದು ಹೇಗೆ ಹರಡುತ್ತದೆ, ಹಳೆಯ ಲಸಿಕೆ ಕೊಡುವುದನ್ನು ಯಾಕೆ ನಿಲ್ಲಿಸಿದರು ಅಂತ ಹುಡುಕುತ್ತಾ ಹೋದಾಗ ಒಂದು ಸಂಶೋಧನಾ ಪೇಪರ್ ಕಣ್ಣಿಗೆ ಬಿತ್ತು. ಮಲೆನಾಡಿನ ಜನರ ರಕ್ತದ ಮಾದರಿ ತೆಗೆದುಕೊಂಡು ಮಾಡಿದ ಕೆಲಸ. ಮಾಡಿದವರು ನಮ್ಮ ದೇಶದ ವಿಜ್ಞಾನಿಗಳು. ಸಂಬಳ, ಲ್ಯಾಬು, ಓಡಾಟ ಎಲ್ಲವೂ ಸರ್ಕಾರದ ದುಡ್ಡು. ಪರದೆಯ ಮೇಲೆ ಹತ್ತು ಸಾಲಿನ ಸಾರಾಂಶ ಕಾಣಿಸಿತು. ಅದರ ಕೆಳಗೆ ಎರಡು ಬಟನ್. ಮೂವತ್ತು ಚಿಲ್ಲರೆ ಡಾಲರ್ ಕಟ್ಟಿ ಅನ್ನುವುದು ಒಂದು. ನಿಮ್ಮ ಸಂಸ್ಥೆಯ ಲಾಗಿನ್ ಹಾಕಿ ಅನ್ನುವುದು ಇನ್ನೊಂದು.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನಗೂ ಒಂದು ಲಾಗಿನ್ ಇತ್ತು. ಕೆಲಸ ಬಿಟ್ಟ ದಿನ ಅದೂ ಹೋಯಿತು. ನಾನು ಅದೇ ಮನುಷ್ಯ, ಓದುವ ಕಣ್ಣು ಅದೇ. ಆದರೆ ಐಡಿ ಕಾರ್ಡ್ ವಾಪಸ್ ಕೊಟ್ಟ ಮರುದಿನದಿಂದ ಓದುವ ಅರ್ಹತೆ ಇಲ್ಲ.

ಜ್ಞಾನ ಎಲ್ಲರಿಗೂ ಸಿಗಬೇಕು ಅನ್ನುವ ಹೋರಾಟಕ್ಕೆ ನಮ್ಮ ದೇಶದಲ್ಲಿ ಕೆಲವು ಒಳ್ಳೆಯ ಗೆಲುವುಗಳು ಸಿಕ್ಕಿವೆ. ಆದರೆ ಅವುಗಳಲ್ಲಿ ಬಹುಪಾಲು ಗೆಲುವುಗಳು ಸಿಕ್ಕಿರುವುದು ಕಾಂಪೌಂಡಿನ ಒಳಗಿರುವವರಿಗೆ. ಹೊರಗೆ ನಿಂತ ಓದುಗರ ಕಡೆ ಕಾನೂನೂ ಸರಿಯಾಗಿ ನೋಡಿಲ್ಲ, ಯೋಜನೆಯೂ ನೋಡಿಲ್ಲ.

ಮೊದಲು ದೆಹಲಿಯ ಜೆರಾಕ್ಸ್ ಅಂಗಡಿಯ ಕತೆ ಹೇಳಬೇಕು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಅಂತ ಒಂದು ಪುಟ್ಟ ಅಂಗಡಿ. ವಿಶ್ವವಿದ್ಯಾಲಯವೇ ಜಾಗ ಕೊಟ್ಟಿತ್ತು. ದರ ಪುಟಕ್ಕೆ 40 ಪೈಸೆ. ಮೇಷ್ಟ್ರುಗಳು ಸಿಲಬಸ್ ನೋಡಿ, ಈ ಪುಸ್ತಕದಿಂದ ಒಂದು ಅಧ್ಯಾಯ, ಆ ಪುಸ್ತಕದಿಂದ ಇಪ್ಪತ್ತು ಪುಟ ಅಂತ ಪಟ್ಟಿ ಕೊಡುತ್ತಿದ್ದರು. ಅಂಗಡಿಯವರು ಅವನ್ನೆಲ್ಲ ಒಟ್ಟು ಮಾಡಿ ಸ್ಪೈರಲ್ ಬೈಂಡಿಂಗ್ ಹಾಕಿ ಕೊಡುತ್ತಿದ್ದರು. ಕೋರ್ಸ್ ಪ್ಯಾಕ್ ಅಂತ ಅದಕ್ಕೆ ಹೆಸರು. ಧಾರವಾಡ, ಮೈಸೂರಿನ ಮಾನಸಗಂಗೋತ್ರಿಯ ಸುತ್ತಮುತ್ತ ಓದಿದ ಯಾರಿಗಾದರೂ ಇದು ಗೊತ್ತಿರುವ ವಿಷಯವೇ. ಅಲ್ಲಿ ಅದನ್ನು ಸುಮ್ನೆ 'ಜೆರಾಕ್ಸ್' ಅಂತಿದ್ದೆವು, ಅಷ್ಟೇ.

2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಮತ್ತು ಟೇಲರ್ ಆಂಡ್ ಫ್ರಾನ್ಸಿಸ್ ಸೇರಿ ಈ ಅಂಗಡಿಯ ಮೇಲೆ, ಜೊತೆಗೆ ದೆಹಲಿ ವಿಶ್ವವಿದ್ಯಾಲಯದ ಮೇಲೆ, ಕಾಪಿರೈಟ್ ಉಲ್ಲಂಘನೆ ಅಂತ ದೆಹಲಿ ಹೈಕೋರ್ಟಿನಲ್ಲಿ ಕೇಸು ಹಾಕಿದವು. ಕೇಳಿದ ಪರಿಹಾರ 60 ಲಕ್ಷ ರೂಪಾಯಿ. ಕೋರ್ಟು ಮಧ್ಯಂತರ ತಡೆ ಕೊಟ್ಟಿತು, ಕೋರ್ಸ್ ಪ್ಯಾಕ್ ನಿಂತಿತು. ಆಗ ವಿದ್ಯಾರ್ಥಿಗಳು ತಾವೇ ಒಂದು ಸಂಘ ಕಟ್ಟಿಕೊಂಡು ಕೇಸಿನಲ್ಲಿ ಸೇರಿಕೊಂಡರು. ಅಸೋಸಿಯೇಷನ್ ಆಫ್ ಸ್ಟೂಡೆಂಟ್ಸ್ ಫಾರ್ ಈಕ್ವಿಟೆಬಲ್ ಆಕ್ಸೆಸ್ ಟು ನಾಲೆಜ್ ಅಂತ ಅದರ ಹೆಸರು. ಜ್ಞಾನ ಎಲ್ಲರಿಗೂ ನ್ಯಾಯವಾಗಿ ಸಿಗಲಿ ಅಂತ ನಿಂತ ವಿದ್ಯಾರ್ಥಿಗಳ ಸಂಘ. ಅವರ ಬೆನ್ನಿಗೆ ಮೇಷ್ಟ್ರುಗಳೂ ಬಂದರು. ಕೇಸು ವಾಪಸ್ ತೆಗೆದುಕೊಳ್ಳಿ ಅಂತ ಮುನ್ನೂರಕ್ಕೂ ಹೆಚ್ಚು ವಿದ್ವಾಂಸರು ಪ್ರಕಾಶಕರಿಗೆ ಬಹಿರಂಗ ಪತ್ರ ಬರೆದರು. ಯಾರ ಪುಸ್ತಕದ ಪುಟಗಳು ಜೆರಾಕ್ಸ್ ಆಗಿದ್ದವೋ ಅಂಥ ಲೇಖಕರೂ ಅದರಲ್ಲಿದ್ದರು. ಅಮರ್ತ್ಯ ಸೇನ್ ಕೂಡ ತಮ್ಮ ಪ್ರಕಾಶಕರಿಗೆ ಪತ್ರ ಬರೆದರು.

2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಕೇಸನ್ನು ವಜಾ ಮಾಡಿದರು. ಕಾಪಿರೈಟ್ ಅನ್ನುವುದು ದೇವರು ಕೊಟ್ಟ ಹಕ್ಕೂ ಅಲ್ಲ, ಹುಟ್ಟಿನಿಂದ ಬಂದ ಹಕ್ಕೂ ಅಲ್ಲ, ಸಾರ್ವಜನಿಕರ ಅರಿವು ಬೆಳೆಯಲಿ ಅಂತ ಕಾನೂನು ಮಾಡಿಕೊಂಡ ವ್ಯವಸ್ಥೆ ಅನ್ನುವುದು ಅವರ ತೀರ್ಪಿನ ತಿರುಳು. ಅದೇ ವರ್ಷ ಡಿಸೆಂಬರ್‌ನಲ್ಲಿ ಮೇಲಿನ ಪೀಠ ಕೆಲವು ಅಂಶಗಳನ್ನು ಮತ್ತೆ ವಿಚಾರಣೆಗೆ ಕಳಿಸಿತು. ಆದರೂ ಮುಖ್ಯ ಮಾತನ್ನು ಎತ್ತಿಹಿಡಿಯಿತು: ಪಾಠಕ್ಕೆ ಬೇಕಾದಷ್ಟು ನಕಲು ಮಾಡಬಹುದು, ಇಷ್ಟೇ ಪುಟ ಅನ್ನುವ ಮಿತಿ ಕಾನೂನಿನಲ್ಲಿ ಇಲ್ಲ. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ಕೇಸನ್ನೇ ಕೈಬಿಟ್ಟರು.

ಇಲ್ಲಿ ಗೆದ್ದಿದ್ದು ಕಾಪಿರೈಟ್ ಕಾಯಿದೆಯ ಸೆಕ್ಷನ್ 52(1)(ಐ). ಅದರ ಪ್ರಕಾರ, ಪಾಠದ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡಿದರೆ ಅದು ಉಲ್ಲಂಘನೆ ಅಲ್ಲ. ಬಹಳ ದೊಡ್ಡ ವಿಷಯ, ನಿಜ. ಆದರೆ ಅದರಲ್ಲಿರುವ ಎರಡು ಪದ ನೋಡಿ. ಶಿಕ್ಷಕರು, ವಿದ್ಯಾರ್ಥಿಗಳು. ತರಗತಿಗೆ ಹೋಗದೆ ತಾನೇ ಕೂತು ಓದುವ ಮನುಷ್ಯನಿಗೆ ಈ ಬಾಗಿಲಿನಲ್ಲಿ ದಾರಿ ಇಲ್ಲ. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯಯುತ ಬಳಕೆ ಅಂತ ಬೇರೆ ವಿನಾಯಿತಿ ಇದೆ. ಆದರೆ ಪೇಪರ್ ಕೈಗೇ ಸಿಗದಿದ್ದರೆ ಅದನ್ನು ನ್ಯಾಯವಾಗಿ ಬಳಸುವುದಾದರೂ ಹೇಗೆ?

ಪುಸ್ತಕದ ಮಾತು ಹೀಗಾದರೆ ಸಂಶೋಧನಾ ಪೇಪರ್‌ಗಳನ್ನು ಪ್ರಕಟಿಸುವ ಪತ್ರಿಕೆಗಳದ್ದು, ಅಂದರೆ ಜರ್ನಲ್‌ಗಳದ್ದು, ಇನ್ನೂ ಬಿಗಿ. ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಹೇಳಿದರೆ ನಂಬುವುದೇ ಕಷ್ಟ. ವಿಜ್ಞಾನಿ ಸಾರ್ವಜನಿಕರ ದುಡ್ಡಿನಲ್ಲಿ ಸಂಶೋಧನೆ ಮಾಡುತ್ತಾರೆ. ಪೇಪರ್ ಬರೆದು ಜರ್ನಲ್‌ಗೆ ಕೊಡುತ್ತಾರೆ, ಸಂಭಾವನೆ ಇಲ್ಲ. ಬೇರೆ ವಿಜ್ಞಾನಿಗಳು ಅದನ್ನು ಓದಿ ತಪ್ಪುಒಪ್ಪು ಹೇಳುತ್ತಾರೆ, ಅವರಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಪೇಪರ್‌ನ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಡಬೇಕು. ಆಮೇಲೆ ಅದೇ ವಿಜ್ಞಾನಿಯ ಸಂಸ್ಥೆ ಅದೇ ಪೇಪರ್ ಓದುವುದಕ್ಕೆ ಚಂದಾ ಕಟ್ಟಬೇಕು. ಹೊಲ ನಮ್ಮದು, ಬೀಜ ನಮ್ಮದು, ಉಳುಮೆ ನಮ್ಮದು, ಬೆಳೆ ಮನೆಗೆ ತರುವಾಗ ಮಾತ್ರ ಬೇರೆಯವರಿಗೆ ದುಡ್ಡು ಕಟ್ಟಿ ಅಂದ ಹಾಗೆ. ಪ್ರಕಾಶಕರು ಕೆಲಸವನ್ನೇ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಸಂಪಾದನೆ, ಸರ್ವರ್, ದಾಖಲೆ ಕಾಪಾಡುವುದು ಎಲ್ಲದಕ್ಕೂ ಖರ್ಚಿದೆ. ಆದರೆ ಈ ಕ್ಷೇತ್ರದ ಅತಿ ದೊಡ್ಡ ಕಂಪನಿಯ ಲಾಭದ ಪ್ರಮಾಣ ನೂರಕ್ಕೆ ಮೂವತ್ತೇಳು, ಮೂವತ್ತೆಂಟರ ಆಸುಪಾಸಿನಲ್ಲಿದೆ. ಖರ್ಚಿನ ಮಾತು ಅಲ್ಲಿಗೆ ಮುಗಿಯುತ್ತದೆ.

ಇದರಿಂದ ಹುಟ್ಟಿದ್ದೇ ಸೈ-ಹಬ್. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಶುರು ಮಾಡಿದ ತಾಣ. ಬೀಗ ಹಾಕಿದ ಕೋಟಿಗಟ್ಟಲೆ ಪೇಪರ್‌ಗಳನ್ನು ಅದು ಉಚಿತವಾಗಿ ಕೊಡುತ್ತಾ ಬಂತು. 2015ರ ಸೆಪ್ಟೆಂಬರ್‌ನಿಂದ ಆರು ತಿಂಗಳಲ್ಲಿ ಭಾರತದಿಂದಲೇ ಸುಮಾರು 34 ಲಕ್ಷ ಡೌನ್‌ಲೋಡ್ ಆಗಿದ್ದವು. ಇಷ್ಟೊಂದು ಜನ ಕಳ್ಳತನ ಮಾಡಲೇಬೇಕು ಅಂತ ಕೂತಿದ್ದರಾ? ಇಲ್ಲ. ಮರುದಿನ ಗೈಡ್‌ಗೆ ಅಧ್ಯಾಯ ತೋರಿಸಬೇಕಾದ ಪಿಎಚ್‌ಡಿ ಹುಡುಗಿ, ರೋಗಿಗೆ ಯಾವ ಔಷಧಿ ಸರಿ ಅಂತ ರಾತ್ರಿ ಹುಡುಕುವ ಡಾಕ್ಟರು, ಇಂಥವರೇ ಅಲ್ವಾ ಅದರಲ್ಲಿ ಜಾಸ್ತಿ?

2020ರ ಡಿಸೆಂಬರ್‌ನಲ್ಲಿ ಜರ್ನಲ್ ಪ್ರಕಾಶಕರಾದ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಸೈ-ಹಬ್ ತಡೆಯಿರಿ ಅಂತ ದೆಹಲಿ ಹೈಕೋರ್ಟಿಗೆ ಹೋದವು. ಕೇಸು ಮುಗಿಯುವವರೆಗೆ ಹೊಸ ಪೇಪರ್ ಹಾಕುವುದಿಲ್ಲ ಅಂತ ಸೈ-ಹಬ್ ಕಡೆಯಿಂದ ಕೋರ್ಟಿಗೆ ಮಾತು ಕೊಟ್ಟರು. ಡೆಲ್ಲಿ ಸೈನ್ಸ್ ಫೋರಂನಂಥ ಸಂಘಟನೆಗಳು, ಕೆಲವು ವಿಜ್ಞಾನಿಗಳು ನಮ್ಮ ಮಾತೂ ಕೇಳಿ ಅಂತ ಅರ್ಜಿ ಹಾಕಿದರು. ಕೊಟ್ಟ ಮಾತು ಮುರಿದಿದ್ದಾರೆ ಎನ್ನುವ ಕಾರಣಕ್ಕೆ 2025ರ ಆಗಸ್ಟ್‌ನಲ್ಲಿ ತಾಣವನ್ನು ಭಾರತದಲ್ಲಿ ತಡೆಯಲು ಕೋರ್ಟು ಆದೇಶ ಮಾಡಿತು. ಜೆರಾಕ್ಸ್ ಕೇಸಿನಲ್ಲಿ ಎದ್ದಿದ್ದ ದೊಡ್ಡ ಪ್ರಶ್ನೆ, ಕಾಪಿರೈಟ್ ಇರುವುದು ಯಾರಿಗಾಗಿ ಅನ್ನುವುದು, ಇಲ್ಲಿ ಪೂರ್ತಿಯಾಗಿ ಚರ್ಚೆಗೆ ಬರುವ ಮೊದಲೇ ಬಾಗಿಲು ಮುಚ್ಚಿತು. ನನಗೆ ನೋವಾಗಿದ್ದು ಅದಕ್ಕೆ.

ಈ ಹೊತ್ತಿಗೆ ಸರ್ಕಾರದ ಕಡೆಯಿಂದ ಇನ್ನೊಂದು ಉತ್ತರ ಬಂದಿತ್ತು. 2024ರ ನವೆಂಬರ್ 25ರಂದು ಸರ್ಕಾರಿ ಸಂಸ್ಥೆಗಳೆಲ್ಲದರ ಪರವಾಗಿ ಜರ್ನಲ್‌ಗಳ ಚಂದಾವನ್ನು ಕೇಂದ್ರವೇ ಕಟ್ಟುವ 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. 6,300ಕ್ಕೂ ಹೆಚ್ಚು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳು. ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ನಡೆಸುವ ಹೊಣೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು.

ಇದನ್ನು ಸಣ್ಣ ಕೆಲಸ ಅನ್ನಬಾರದು. ಇದಕ್ಕೆ ಮೊದಲು ಬೇರೆ ಬೇರೆ ಇಲಾಖೆಗಳ ಕೆಳಗೆ ಹತ್ತು ಗುಂಪುಗಳು ಪ್ರತ್ಯೇಕವಾಗಿ ಚೌಕಾಸಿ ಮಾಡಿ ಚಂದಾ ಕಟ್ಟುತ್ತಿದ್ದವು. ದೊಡ್ಡ ಊರಿನ ದೊಡ್ಡ ಸಂಸ್ಥೆಗೆ ಎಲ್ಲ ಜರ್ನಲ್, ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೆ ಏನೂ ಇಲ್ಲ ಅನ್ನುವ ಸ್ಥಿತಿ. ಈಗ ಕಾಗದದ ಮೇಲಾದರೂ ಬೆಂಗಳೂರಿನ ಐಐಎಸ್‌ಸಿ ವಿದ್ಯಾರ್ಥಿಗೂ ಕಲ್ಯಾಣ ಕರ್ನಾಟಕದ ಸರ್ಕಾರಿ ಕಾಲೇಜಿನ ಹುಡುಗನಿಗೂ ಒಂದೇ ಪಟ್ಟಿ. ವರ್ಷಕ್ಕೆ 2,000 ಕೋಟಿಯನ್ನು 1.8 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಸುಮಾರು 1,100 ರೂಪಾಯಿ. ನಾನು ನೋಡಿದ ಆ ಒಂದೇ ಒಂದು ಪೇಪರ್‌ನ ಬೆಲೆಗಿಂತ ಕಡಿಮೆ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಇದು ಬಾಡಿಗೆ. ಮೂರು ವರ್ಷ ಕಟ್ಟಿದರೂ ಒಂದು ಪೇಪರ್‌ನ ಬೀಗವೂ ಶಾಶ್ವತವಾಗಿ ತೆರೆಯುವುದಿಲ್ಲ. ಮುಂದಿನ ಸಲ ಪ್ರಕಾಶಕರು ದರ ಏರಿಸಿದರೆ, ಇಡೀ ದೇಶ ಆ ರುಚಿಗೆ ಹೊಂದಿಕೊಂಡಿರುವುದರಿಂದ, ಬೇಡ ಅನ್ನುವುದೂ ಸುಲಭ ಅಲ್ಲ.

ಹೊರಗೆ ಉಳಿದವರು ಯಾರು ಅಂತ ನೋಡಿದರೆ ಪಟ್ಟಿ ಬಹಳ ಉದ್ದ ಇದೆ. ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಮೊದಲ ಹಂತದಲ್ಲಿ ಇಲ್ಲ. ಕರ್ನಾಟಕದಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಓದುವವರಲ್ಲಿ ಖಾಸಗಿ ಕಾಲೇಜಿನವರೇ ಎಷ್ಟು ಜನ ಅಂತ ನಮಗೆ ಗೊತ್ತೇ ಇದೆ. ಅವರೆಲ್ಲ ಶ್ರೀಮಂತರ ಮಕ್ಕಳೂ ಅಲ್ಲ. ಊರಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರು ಇಲ್ಲ. ನಿವೃತ್ತ ಮೇಷ್ಟ್ರು ಇಲ್ಲ. ಪತ್ರಕರ್ತರು ಇಲ್ಲ. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಏನು ಮಾಡಬೇಕು ಅಂತ ತಾನೇ ಓದಿ ತಿಳಿದುಕೊಳ್ಳಲು ಹೊರಟ ಓದುಬರಹ ಬಲ್ಲ ರೈತ ಇಲ್ಲ. ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿಗೂ ಇಲ್ಲ. ನಿನ್ನೆಯವರೆಗೆ ಇತ್ತು, ರಿಸಲ್ಟ್ ಬಂದ ಮೇಲೆ ಇಲ್ಲ. ಇವರೆಲ್ಲರ ತೆರಿಗೆಯೂ ಆ 6,000 ಕೋಟಿಯಲ್ಲಿ ಸೇರಿದೆ.

ಹಾಗಾದರೆ ಬೇರೆ ದಾರಿ ಏನು? ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನಲ್ಲೇ ಇದೆ. ಐಐಎಸ್‌ಸಿ 2002ರಲ್ಲೇ ತನ್ನ ವಿಜ್ಞಾನಿಗಳ ಪೇಪರ್‌ಗಳನ್ನು ಒಂದು ಕಡೆ ಇಟ್ಟು ಜಗತ್ತಿಗೆಲ್ಲ ತೆರೆದಿಡುವ ಡಿಜಿಟಲ್ ಭಂಡಾರ ಶುರು ಮಾಡಿತು. ದೇಶದಲ್ಲಿ ಅಂಥದ್ದು ಮೊದಲನೆಯದು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳನ್ನು ತನ್ನ ತಾಣದಲ್ಲಿ ಯಾರು ಬೇಕಾದರೂ ಓದುವ ಹಾಗೆ ಇಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊರತರುವ ವೈದ್ಯಕೀಯ ಜರ್ನಲ್ ಕೂಡ ಮುಕ್ತ. ಮಂಗನ ಕಾಯಿಲೆಯ ಬಗ್ಗೆ ನನಗೆ ಸಿಕ್ಕ ಒಳ್ಳೆಯ ಮಾಹಿತಿಯಲ್ಲಿ ಬಹಳಷ್ಟು ಇಂಥ ಕಡೆಯಿಂದಲೇ ಬಂತು.

ಬೀಗ ಹಾಕಿದ್ದ ಆ ಪೇಪರ್ ಕೂಡ ಕೊನೆಗೆ ಸಿಕ್ಕಿತು. ಲೇಖಕರಿಗೆ ನಾಲ್ಕು ಸಾಲಿನ ಮೇಲ್ ಬರೆದೆ. ಎರಡು ದಿನಕ್ಕೆ ಪಿಡಿಎಫ್ ಬಂತು. ಹೀಗೆ ಕೇಳಿದರೆ ಕೊಡುವ ವಿಜ್ಞಾನಿಗಳು ಬಹಳ. ತಾವು ಬರೆದದ್ದನ್ನು ಜನ ಓದಲಿ ಅಂತ ಅವರಿಗೂ ಆಸೆ ಇರುತ್ತದೆ. ಜರ್ನಲ್ ಒಪ್ಪಿದ ಮೇಲೆ, ಅಚ್ಚಿನ ರೂಪಕ್ಕೆ ಹೋಗುವ ಮುಂಚಿನ ಪ್ರತಿಯನ್ನು ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಡಲು ಅನೇಕ ಜರ್ನಲ್‌ಗಳೂ ಅವಕಾಶ ಕೊಡುತ್ತವೆ, ಕೆಲವು ತಿಂಗಳು ಕಾಯಬೇಕು ಅಷ್ಟೇ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ತಂತ್ರಜ್ಞಾನ ಇಲಾಖೆ 2014ರಲ್ಲೇ ನೀತಿ ಮಾಡಿ, ನಮ್ಮ ಅನುದಾನದಲ್ಲಿ ಆದ ಪೇಪರ್‌ಗಳನ್ನು ಹೀಗೆ ಇಡಲೇಬೇಕು ಅಂದವು. ಪಾಲನೆ ಮಾತ್ರ ಸಡಿಲ. ಇಡದಿದ್ದರೆ ಮುಂದಿನ ಅನುದಾನಕ್ಕೆ ತೊಂದರೆ ಅನ್ನುವ ಭಯ ಯಾರಿಗೂ ಇಲ್ಲ.

ಇದನ್ನು ಗಟ್ಟಿಯಾಗಿ ಮಾಡಬಹುದು ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಪಿಎಚ್‌ಡಿ ಪ್ರಬಂಧಗಳನ್ನು ನೋಡಿ. ಡಿಜಿಟಲ್ ಪ್ರತಿ ಕೊಡಬೇಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಈಗ ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ಲಾಗಿನ್ ಬೇಡ, ದುಡ್ಡು ಬೇಡ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿ ಸಾಕಷ್ಟಿವೆ. ಜನಪದ, ಊರ ಹೆಸರುಗಳು, ಶಾಸನ, ಹಳ್ಳಿಯ ಕಸುಬುಗಳು. ಮೊದಲು ಇವೆಲ್ಲ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಕೂತು, ಗೈಡ್ ಮತ್ತು ಪರೀಕ್ಷಕರು ಬಿಟ್ಟರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸ್ಕ್ಯಾನ್ ಗುಣಮಟ್ಟ ಕೆಲವು ಕಡೆ ಕೆಟ್ಟದಾಗಿದೆ, ಹಳೆಯ ಕನ್ನಡ ಫಾಂಟ್‌ಗಳಿಂದಾಗಿ ಒಳಗಿನ ಪದ ಹುಡುಕಲು ಆಗುವುದಿಲ್ಲ. ಆದರೂ ಬಾಗಿಲು ತೆರೆದಿದೆ. ಇಲ್ಲಿ ಹಕ್ಕು ಸಿಕ್ಕಿರುವುದು ಓದುವವರಿಗೆ.

ಒಂದು ಎಚ್ಚರಿಕೆ ಹೇಳಲೇಬೇಕು. ಓದುವವರಿಗೆ ಉಚಿತ, ಆದರೆ ಬರೆಯುವವರೇ ದುಡ್ಡು ಕಟ್ಟಬೇಕು ಅನ್ನುವ ಪದ್ಧತಿಯೂ ಮುಕ್ತ ಅನ್ನುವ ಹೆಸರಿನಲ್ಲೇ ಬಂದಿದೆ. ನೇಚರ್ ಪತ್ರಿಕೆ 2020ರಲ್ಲಿ ಪ್ರಕಟಿಸಿದ ದರ ಒಂದು ಪೇಪರ್‌ಗೆ 9,500 ಯೂರೊ. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಯಾವ ರಾಜ್ಯ ವಿಶ್ವವಿದ್ಯಾಲಯದ ಮೇಷ್ಟ್ರು ಇಷ್ಟು ಕಟ್ಟಿಯಾರು? ಓದುವವರ ಮುಂದಿದ್ದ ಗೇಟನ್ನು ತಂದು ಬರೆಯುವವರ ಮುಂದೆ ಇಟ್ಟ ಹಾಗೆ ಇದು. ಬ್ರೆಜಿಲ್ 1990ರ ದಶಕದ ಕೊನೆಯಲ್ಲೇ ಬೇರೆ ದಾರಿ ಹಿಡಿಯಿತು. ಸಾರ್ವಜನಿಕ ಹಣದಿಂದ ಸೈಎಲೊ ಅನ್ನುವ ವೇದಿಕೆ ಕಟ್ಟಿ, ತಮ್ಮ ಜರ್ನಲ್‌ಗಳನ್ನು ಅಲ್ಲಿಂದ ಜಗತ್ತಿಗೆ ತೆರೆದಿಟ್ಟಿತು. ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಯ ಪೇಪರ್‌ಗಳಿಗೂ ಅಲ್ಲಿ ಗೌರವದ ಜಾಗ ಸಿಕ್ಕಿತು. ಚಂದಾಕ್ಕೆ ಇಡುವ ದುಡ್ಡಿನಲ್ಲಿ ಒಂದು ಪಾಲನ್ನು ಇಂಥದ್ದಕ್ಕೆ ಇಟ್ಟರೆ ನಮ್ಮ ಭಾಷೆಗಳ ಒಳ್ಳೆಯ ಜರ್ನಲ್‌ಗಳೂ ಉಸಿರಾಡುತ್ತವೆ.

ಕಾನೂನನ್ನೇ ಓದುಗರ ಕಡೆ ತಿರುಗಿಸಿದ ಒಂದು ಸಂದರ್ಭವೂ ನಮ್ಮ ದೇಶದಲ್ಲಿದೆ. ಕಣ್ಣು ಕಾಣದವರಿಗೆ ಪುಸ್ತಕವನ್ನು ಬ್ರೈಲ್ ಅಥವಾ ಆಡಿಯೊ ಮಾಡಿಕೊಡಲು ಹಿಂದೆ ಪ್ರತಿ ಸಲ ಅನುಮತಿ ಕೇಳಬೇಕಿತ್ತು. ಅಂಧರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು. 2012ರ ತಿದ್ದುಪಡಿಯಲ್ಲಿ ಸೆಕ್ಷನ್ 52(1)(ಜಡ್‌ಬಿ) ಬಂತು. ಅಂಗವಿಕಲರು ಓದಬಹುದಾದ ರೂಪಕ್ಕೆ ಕೃತಿಯನ್ನು ಬದಲಾಯಿಸಿದರೆ ಅದು ಉಲ್ಲಂಘನೆ ಅಲ್ಲ ಅಂತಾಯಿತು. ಅದರ ಮುಂದಿನ ವರ್ಷ ಇದೇ ವಿಷಯದ ಅಂತರರಾಷ್ಟ್ರೀಯ ಒಪ್ಪಂದ, ಮರಾಕೇಶ್ ಒಪ್ಪಂದ, ಬಂತು, 2014ರ ಜೂನ್‌ನಲ್ಲಿ ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ. ಈ ವಿನಾಯಿತಿ ನೀವು ಯಾವ ಕಾಲೇಜು ಅಂತ ಕೇಳುವುದಿಲ್ಲ. ಓದಬೇಕು, ಓದಲು ಅಡ್ಡಿ ಇದೆ, ಅಷ್ಟು ಸಾಕು. ಪ್ರಕಾಶನ ಉದ್ಯಮವೂ ಇದರಿಂದ ಮುಳುಗಲಿಲ್ಲ.

ಒಂದು ದೇಶ ಒಂದು ಚಂದಾದ ಈಗಿನ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ಮಾತುಕತೆ ಅದಕ್ಕೂ ಮೊದಲೇ ಶುರುವಾಗಬೇಕು. ಆ ಮೇಜಿನ ಮೇಲೆ ಎರಡು ಷರತ್ತು ಇರಬೇಕು ಅಂತ ನನ್ನ ಒತ್ತಾಯ. ಭಾರತದ ಸಾರ್ವಜನಿಕ ಹಣದಲ್ಲಿ ಆದ ಪ್ರತಿ ಪೇಪರ್‌ನ ಲೇಖಕರ ಪ್ರತಿಯನ್ನು ಪ್ರಕಟವಾದ ದಿನವೇ ತೆರೆದಿಡುವ ಹಕ್ಕು ನಮ್ಮ ಸಂಸ್ಥೆಗಳ ಕೈಯಲ್ಲೇ ಉಳಿಯಬೇಕು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2025ರ ಜುಲೈನಿಂದ ಇದನ್ನೇ ಕಡ್ಡಾಯ ಮಾಡಿದೆ. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಬಾರದು?

ಎರಡನೆಯದು ಸಾರ್ವಜನಿಕ ಗ್ರಂಥಾಲಯ. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಬರೆದಿರುತ್ತದೆ. ಓದಲಿಕ್ಕೆ ಅಂತಲೇ ಕಟ್ಟುವ ದುಡ್ಡು ಅದು. ಜಿಲ್ಲಾ ಗ್ರಂಥಾಲಯಗಳಲ್ಲಿ ಕಂಪ್ಯೂಟರ್ ಇದೆ, ಕೂರಲು ಜಾಗ ಇದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಗ್ಗೆಯಿಂದಲೇ ಬಂದು ಕೂತಿರುತ್ತಾರೆ. ಆ 13,000 ಜರ್ನಲ್‌ಗಳನ್ನು ಗ್ರಂಥಾಲಯದ ಒಳಗೆ ಕೂತು ಓದಲು ಬಿಟ್ಟರೂ ಸಾಕು, ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರು, ಸಾಗರದಿಂದ ಬಂದ ಒಬ್ಬ ಅಡಿಕೆ ಬೆಳೆಗಾರ, ಸೊರಬದ ಒಬ್ಬ ಹೈಸ್ಕೂಲ್ ಮೇಷ್ಟ್ರು, ಕ್ಯಾಸನೂರಿನ ಕಾಯಿಲೆಯ ಬಗ್ಗೆ ಜಗತ್ತು ಬರೆದದ್ದನ್ನು ಅಲ್ಲೇ ಕೂತು ಓದಬಹುದು.